ಗೋಪುರದೊಳಗೆ ಕೂತು ಭೂಮಿಯನ್ನು ಹೊಲಿದವರು

ಒಂದೇ ಮುಖದ ಹುಡುಗಿಯರ ಗುಂಪೊಂದು ಸೈಕಲ್ ಏರಿ ಕೆಲಸಕ್ಕೆ ಹೊರಟಿದೆ. ಒಂದೇ ಬಣ್ಣದ ಕೂದಲು, ಒಂದೇ ಸಮವಸ್ತ್ರ, ಒಂದೇ ಕಡೆ ನೆಟ್ಟ ನೋಟ. ಹಿಂದೆ ಜೇನುಗೂಡಿನಂಥ ಕಟ್ಟಡ. ಮುಂದೆ ದಾರಿ ತೋರಿಸಲು ಒಬ್ಬ ಸನ್ಯಾಸಿನಿ, ಜೊತೆಗೆ ಚೀಲ ಹೊತ್ತ ಒಬ್ಬ ಗಂಡಸು. ಆ ಚೀಲದಿಂದ ಹಕ್ಕಿಗಳು ಹೊರಗೆ ಹಾರಿ ಹುಡುಗಿಯರ ತಲೆಯ ಮೇಲೆ ಸುಳಿದಾಡುತ್ತಿವೆ. ಅವು ಕಾವಲಿಗೆ ಬಂದ ಹಕ್ಕಿಗಳು. ಸೈಕಲ್ಲುಗಳನ್ನು ಸರಿಯಾಗಿ ನೋಡಿದರೆ ಅವು ಕಬ್ಬಿಣದವಲ್ಲ, ಹುಡುಗಿಯರು ತೊಟ್ಟ ಬಟ್ಟೆಯೇ ಕೆಳಗಿಳಿದು ಸೈಕಲ್ಲಾಗಿದೆ. ಹ್ಯಾಂಡಲ್ ಇರಬೇಕಾದ ಜಾಗದಲ್ಲಿ ಹೆಣಿಗೆಯ ಕಡ್ಡಿಗಳಿವೆ. ಅವರನ್ನು ದಿನವೂ ಗೋಪುರಕ್ಕೆ ಒಯ್ಯುವ ಗಾಡಿ ಅವರದೇ ಬಟ್ಟೆಯಿಂದ, ಅವರದೇ ಕಡ್ಡಿಯಿಂದ ಆಗಿದೆ. ಎದುರಿಗಿರುವ ಒಬ್ಬಳ ಕಣ್ಣು ಮಾತ್ರ ಬೇರೆ ಕಡೆ ಹೊರಳಿದೆ.

ಇದು ಸ್ಪೇನಿನಲ್ಲಿ ಹುಟ್ಟಿದ ಚಿತ್ರಕಾರ್ತಿ ರೆಮೆಡಿಯೋಸ್ ವಾರೋ 1960ರಲ್ಲಿ ಮೆಕ್ಸಿಕೊ ನಗರದಲ್ಲಿ ಬರೆದ ‘ಗೋಪುರದ ಕಡೆಗೆ’ ಎಂಬ ತೈಲಚಿತ್ರ. ಮೂರು ಚಿತ್ರಗಳ ಸರಣಿಯಲ್ಲಿ ಇದು ಮೊದಲನೆಯದು. ಎರಡನೆಯದು ‘ಭೂಮಿಯ ಹೊದಿಕೆಗೆ ಕಸೂತಿ’, ಮೂರನೆಯದು ‘ಪಲಾಯನ’, ಎರಡೂ 1961ರವು. ಮೂರರ ಕಥೆಯನ್ನೂ ಆಕೆ ತನ್ನ ಅಣ್ಣನಿಗಾಗಿ ಕೆಲವೇ ಸಾಲುಗಳಲ್ಲಿ ಬರೆದಿಟ್ಟಿದ್ದಳು. ಹುಡುಗಿಯರು ಜೇನುಗೂಡಿನಂಥ ಮನೆಯಿಂದ ಕೆಲಸಕ್ಕೆ ಹೊರಡುತ್ತಾರೆ, ಎಲ್ಲರೂ ಮಾಯೆಗೆ ಒಳಗಾದವರಂತಿದ್ದಾರೆ, ಎದುರಿನವಳೊಬ್ಬಳು ಮಾತ್ರ ಅದಕ್ಕೆ ಮಣಿದಿಲ್ಲ. ಗೋಪುರದಲ್ಲಿ ಗುರುವಿನ ಅಪ್ಪಣೆಯಂತೆ ಭೂಮಿಯ ಹೊದಿಕೆಯನ್ನು ಕಸೂತಿ ಮಾಡುತ್ತಾರೆ, ಆ ಒಬ್ಬಳು ಹೊಲಿಗೆಯಲ್ಲೇ ಒಂದು ಬಲೆ ಹೆಣೆಯುತ್ತಾಳೆ. ಕೊನೆಗೆ ಆ ಬಲೆಯ ಫಲವಾಗಿ ಪ್ರಿಯಕರನ ಜೊತೆ ವಿಚಿತ್ರ ವಾಹನವೊಂದರಲ್ಲಿ ಮರಳುಗಾಡು ದಾಟಿ ಗುಹೆಯೊಂದರ ಕಡೆ ಹೋಗುತ್ತಾಳೆ. ಇಷ್ಟೇ ಕಥೆ. ಸರ್ರಿಯಲಿಸ್ಟ್ ಚಿತ್ರ, ಎಂದರೆ ಕನಸು ಮತ್ತು ಒಳಮನಸ್ಸಿನ ಲೋಕವನ್ನು ಬರೆಯುವ ಪಂಥದ ಚಿತ್ರ, ಎಂದೊಡನೆ ಅರ್ಥವಾಗದ ಒಗಟು ಎಂದುಕೊಳ್ಳುವವರು ಬಹಳ. ಇಲ್ಲಿ ಕಲಾವಿದೆಯೇ ಕಥೆ ಹೇಳಿಬಿಟ್ಟಿದ್ದಾಳೆ. ಆದರೂ ನಡುವಿನ ಚಿತ್ರದ ಮುಂದೆ ನಾನು ಬಹಳ ಕಾಲ ಕೂತಿದ್ದೇನೆ, ಈಗಲೂ ಕೂರುತ್ತೇನೆ.

ಅಗಲ 123, ಎತ್ತರ 100 ಸೆಂಟಿಮೀಟರಿನ ಹಲಗೆ ಅದು. ಮಸುಕು ಹಳದಿಯ ಆಕಾಶದಲ್ಲಿ ಎದ್ದು ನಿಂತ ಗೋಪುರ. ಒಳಗೇನು ನಡೆದಿದೆ ಎಂಬುದು ಕಾಣುವಂತೆ ಕೋಣೆಯನ್ನು ಬಿಚ್ಚಿ ತೋರಿಸಿದ್ದಾಳೆ. ನಡುವೆ ಕಪ್ಪು ಉಡುಪಿನ, ಮುಖ ಮುಚ್ಚಿದ ಗುರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಪಾತ್ರೆಯೊಳಗಿನ ರಸವನ್ನು ಕಲಕುವ ಕೋಲು. ರಸಸಿದ್ಧರ ಭಟ್ಟಿಯ ಹಾಗೆ, ಮರಳುಗಡಿಯಾರದ ಹಾಗೆ ಇದೆ ಆ ಪಾತ್ರೆ. ಅದರಿಂದ ಎಳೆಗಳು ಹೊರಟು ಪ್ರತಿ ಹುಡುಗಿಯ ಮೇಜಿಗೂ ಹೋಗಿವೆ. ದಾರವೂ ಅವರದಲ್ಲ, ನಮೂನೆಯೂ ಅವರದಲ್ಲ. ಹುಡುಗಿಯರು ಗೋಡೆಯ ಕಿಂಡಿಗಳ ಪಕ್ಕ ಕೂತು ತಲೆತಗ್ಗಿಸಿ ಹೊಲಿಯುತ್ತಿದ್ದಾರೆ. ಹೊಲಿದ ಬಟ್ಟೆ ಆ ಕಿಂಡಿಗಳಿಂದ ಹೊರಗೆ ಜಾರಿ ಕೆಳಗಿಳಿಯುತ್ತಾ ಇಳಿಯುತ್ತಾ ಬೆಟ್ಟವಾಗುತ್ತದೆ, ನೀರಾಗುತ್ತದೆ, ಮನೆ ಮರಗಳಾಗುತ್ತದೆ. ಬಟ್ಟೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗುವುದಿಲ್ಲ. ನಾವು ಕಾಲಿಟ್ಟು ನಡೆಯುವ ಲೋಕವನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಹಾಕಿದ ಹೆಣ್ಣುಮಕ್ಕಳು ತಯಾರಿಸುತ್ತಿದ್ದಾರೆ, ಅವರು ಆ ಲೋಕವನ್ನು ಕಂಡೇ ಇಲ್ಲ. ಚಿತ್ರದ ಮೊದಲ ಪೆಟ್ಟು ಇದು. ಅಷ್ಟನ್ನೇ ಬರೆದು ಬಿಟ್ಟಿದ್ದರೂ ದೊಡ್ಡ ಚಿತ್ರವೇ ಆಗುತ್ತಿತ್ತು.

ಬಲೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹುಡುಗಿಯೊಬ್ಬಳ ಮೇಜಿನಿಂದ ಕೆಳಗಿಳಿದ ಬಟ್ಟೆಯ ಮಡಿಕೆಯಲ್ಲಿ ಎರಡು ಪುಟ್ಟ ಆಕೃತಿಗಳಿವೆ, ಒಬ್ಬಳು ಅವಳೇ, ಇನ್ನೊಬ್ಬ ಅವಳ ಪ್ರಿಯಕರ. ಎರಡೂ ತಲೆಕೆಳಗು.

ಯಾಕೆ ತಲೆಕೆಳಗು? ಗುರುವಿನ ಕಣ್ಣು ತಪ್ಪಿಸಲು ಎನ್ನುವುದು ಸಲೀಸಾಗಿ ಹೊಳೆಯುವ ಉತ್ತರ. ನನಗೆ ಬೇರೆ ಉತ್ತರ ಸಿಕ್ಕಿದ್ದು ಧಾರವಾಡದ ನನ್ನ ಸೋದರತ್ತೆಯಿಂದ. ಇಳಕಲ್ ಸೀರೆಯ ಸೆರಗಿಗೆ ಗೋಪುರ, ತೇರು, ತುಳಸಿಕಟ್ಟೆ ತೆಗೆಯುತ್ತಿದ್ದ ಕೈ ಅದು. ಅಚ್ಚು ಹಾಕಿಕೊಳ್ಳದೆ, ಎಳೆ ಎಣಿಸಿ ಎಣಿಸಿ ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆಗಳನ್ನು ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ದಾರಕ್ಕೆ ಗಂಟು ಹಾಕಹೋದರೆ, “ಗಂಟ ಹಾಕಬ್ಯಾಡವಾ, ತಿರುವಿ ನೋಡಿದ್ರ ಹಿಂದನೂ ಮುಂದಿನಂಗನ ಕಾಣಬೇಕು” ಅನ್ನುತ್ತಿದ್ದರು. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಮುಂದೆ ಹೋಗುತ್ತದೆ, ಬಂದ ದಾರಿಯಲ್ಲೇ ಹಿಂದಿರುಗುತ್ತಾ ಬಿಟ್ಟ ಜಾಗವನ್ನು ತುಂಬುತ್ತದೆ. ಹಾಗಾಗಿ ಬಟ್ಟೆಗೆ ಮುಂಬದಿ ಹಿಂಬದಿ ಎಂಬ ಭೇದವೇ ಉಳಿಯುವುದಿಲ್ಲ, ಗುಟ್ಟಿಡಲು ಹಿಂಬದಿಯೇ ಇರುವುದಿಲ್ಲ. ವಾರೋಳ ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಅತ್ತೆಗೆ ತೋರಿಸಿ, ಈ ಹುಡುಗಿ ಹೀಗೇಕೆ ಮಾಡಿದಳು ಎಂದು ಕೇಳಿದೆ. ಅವರು ಹೆಚ್ಚೇನೂ ಯೋಚಿಸಲಿಲ್ಲ. “ಆಕಿ ಉಲ್ಟಾ ಹಾಕಿಲ್ಲ, ತನಗ ಕಾಣೂಹಂಗ ಹಾಕ್ಯಾಳ” ಎಂದರು.

ಒಂದು ಕರವಸ್ತ್ರ ತೆಗೆದುಕೊಂಡು ನೀವೇ ನೋಡಬಹುದು. ಮೇಜಿನ ಮೇಲಿಟ್ಟು, ನಿಮಗೆ ನೆಟ್ಟಗೆ ಕಾಣುವಂತೆ ಒಂದು ಮನುಷ್ಯನನ್ನು ಬರೆಯಿರಿ. ತಲೆ ನಿಮ್ಮಿಂದ ಆಚೆ, ಕಾಲು ನಿಮ್ಮ ಕಡೆ. ಈಗ ಬಟ್ಟೆಯನ್ನು ಮೇಜಿನ ಆಚೆಯ ಅಂಚಿನಿಂದ ಕೆಳಗೆ ಇಳಿಬಿಡಿ. ಎದುರಿಗೆ ನಿಂತವರಿಗೆ ಆ ಮನುಷ್ಯ ತಲೆಕೆಳಗಾಗಿ ನೇತಾಡುತ್ತಾನೆ. ಹೊರಗಿನವರಿಗೆ ಅವನು ನೆಟ್ಟಗೆ ಕಾಣಬೇಕಾದರೆ ನೀವು ನಿಮ್ಮ ಪಾಲಿಗೆ ತಲೆಕೆಳಗಾಗಿಯೇ ಬರೆಯಬೇಕು. ಗೋಪುರದ ಹುಡುಗಿಯರ ಮನೆ, ಮರ, ಬೆಟ್ಟ ಎಲ್ಲವೂ ನಮಗೆ ನೆಟ್ಟಗಿವೆ. ಎಂದರೆ ಅವರು ದಿನವಿಡೀ ತಮ್ಮ ಪಾಲಿಗೆ ಉಲ್ಟಾ ಇರುವ ಲೋಕವನ್ನು, ಹೊರಗೆ ನಿಂತು ನೋಡುವವರ ಅನುಕೂಲಕ್ಕೆ ಹೊಲಿಯುತ್ತಿದ್ದಾರೆ. ಒಬ್ಬಳು ಮಾತ್ರ ಬಟ್ಟೆಯನ್ನು ತನ್ನ ಕಡೆಯಿಂದ ನೋಡಿದಳು. ವಾರೋ ಇದನ್ನು ಎಲ್ಲೂ ಬರೆದಿಟ್ಟಿಲ್ಲ. ಇದು ನನ್ನ ಮತ್ತು ನಮ್ಮ ಅತ್ತೆಯ ಓದು. ಇದನ್ನು ಹಿಡಿದುಕೊಂಡು ಆಕೆಯ ಬದುಕಿನ ಕಡೆ ತಿರುಗಿದಾಗ, ಅಲ್ಲೂ ಇದೇ ವಿನ್ಯಾಸ ನನಗೆ ಕಾಣುತ್ತಾ ಹೋಯಿತು.

ಆಕೆ ಹುಟ್ಟಿದ್ದು 1908ರ ಡಿಸೆಂಬರ್ 16ರಂದು, ಸ್ಪೇನಿನ ಕ್ಯಾಟಲೋನಿಯಾ ಸೀಮೆಯ ಆಂಗ್ಲೆಸ್ ಎಂಬ ಊರಿನಲ್ಲಿ. ಅವಳಿಗಿಂತ ಮುಂಚೆ ಹುಟ್ಟಿದ ಹೆಣ್ಣುಮಗು ತೀರಿಕೊಂಡಿತ್ತು. ಆ ದುಃಖಕ್ಕೆ ಪರಿಹಾರವಾಗಿ ಬಂದವಳೆಂದು ಮೇರಿಮಾತೆಯ ಹೆಸರುಗಳಲ್ಲೊಂದಾದ ರೆಮೆಡಿಯೋಸ್ ಎಂಬ ಹೆಸರಿಟ್ಟರು. ಅಪ್ಪ ರೊದ್ರಿಗೊ ನೀರಾವರಿ ಕೆಲಸಗಳ ಎಂಜಿನಿಯರ್. ಕೆಲಸ ಹೋದಲ್ಲಿಗೆ ಸಂಸಾರವೂ ಹೋಗುತ್ತಿತ್ತು, ಸ್ಪೇನಿನ ಊರೂರು, ಆಮೇಲೆ ಉತ್ತರ ಆಫ್ರಿಕಾ. ಪುಟ್ಟ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ಪ ತನ್ನ ಯಂತ್ರಗಳ ನಕ್ಷೆಗಳನ್ನು ಅವಳ ಕೈಯಲ್ಲಿ ನಕಲು ಮಾಡಿಸುತ್ತಿದ್ದ. ಸ್ಕೇಲು, ತ್ರಿಕೋನ ಹಿಡಿದು ಗೆರೆ ಎಳೆಯಬೇಕು, ತಪ್ಪಿದರೆ ಮತ್ತೆ ಎಳೆಯಬೇಕು. ಆಕೆಯ ದೊಡ್ಡ ಚಿತ್ರಗಳಲ್ಲಿ ಬರುವ ಗಾಲಿ, ರಾಟೆ, ನೀರಿನ ಚಕ್ರ, ಮೆಟ್ಟಿಲು ಇವೆಲ್ಲ ಎಷ್ಟು ವಿಚಿತ್ರವಾಗಿದ್ದರೂ ತಿರುಗಿಸಿದರೆ ತಿರುಗುತ್ತವೇನೋ ಅನ್ನಿಸುವುದು ಆ ಪಾಠದಿಂದಲೇ.

ಅಮ್ಮ ಇಗ್ನಾಸಿಯಾ ಉರಾಂಗಾ ಕಟ್ಟಾ ಕ್ಯಾಥೊಲಿಕ್. ಮಗಳು ಸನ್ಯಾಸಿನಿಯರ ಶಾಲೆಗೆ ಹೋದಳು. ಬೆಳಗಿನ ಪ್ರಾರ್ಥನೆ, ಒಂದೇ ಬಗೆಯ ಸಮವಸ್ತ್ರ, ಸಾಲಾಗಿ ಕೂತು ಹೊಲಿಗೆ. ಮೊದಲ ಚಿತ್ರದ ಸೈಕಲ್ ಸಾಲು ಎಲ್ಲಿಂದ ಬಂತು ಎಂದು ಹುಡುಕಿ ಬಹಳ ದೂರ ಹೋಗಬೇಕಿಲ್ಲ. ಆ ಶಾಲೆಯ ದಿನಗಳಲ್ಲೇ ಹುಡುಗಿ ಕದ್ದುಮುಚ್ಚಿ ಒಬ್ಬ ಹಿಂದೂ ಮನುಷ್ಯನಿಗೆ ಪತ್ರ ಬರೆದು, ಮಂತ್ರಶಕ್ತಿ ಇದೆ ಎಂದು ಕೇಳಿದ್ದ ಮ್ಯಾಂಡ್ರೇಕ್ ಬೇರನ್ನು ಕಳಿಸು ಎಂದು ಬೇಡಿದ್ದಳೆಂದು ಆಕೆಯ ಬದುಕನ್ನು ಬರೆದವರು ಹೇಳುತ್ತಾರೆ. ಮ್ಯಾಂಡ್ರೇಕ್ ಭೂಮಧ್ಯ ಸಮುದ್ರದ ಸೀಮೆಯ ಗಿಡವೇ, ಅವಳ ಹಿತ್ತಿಲಿಗೇ ಹತ್ತಿರ. ಆದರೂ ಅವಳಿಗೆ ಅದು ಹಿಂದೂಗಳ ನಾಡಿನಿಂದಲೇ ಬರಬೇಕಿತ್ತು. ಈ ಸಂಗತಿ ನನಗೆ ತುಂಬ ಪ್ರೀತಿಯದು.

1924ರಲ್ಲಿ ಮ್ಯಾಡ್ರಿಡ್‌ನ ಸಾನ್ ಫರ್ನಾಂಡೊ ಕಲಾ ಅಕಾಡೆಮಿ ಸೇರಿದಳು, ಅದೇ ಕಾಲದಲ್ಲಿ ಸಾಲ್ವಡಾರ್ ಡಾಲಿಯೂ ಅಲ್ಲಿದ್ದ. ಕಟ್ಟುನಿಟ್ಟಿನ ಶಾಲೆ ಅದು. ಅಂಗರಚನೆ, ದೃಶ್ಯರೇಖೆ, ಹಳೆಯ ಗುರುಗಳ ಚಿತ್ರಗಳ ನಕಲು. ಪ್ರಾಡೊ ಸಂಗ್ರಹಾಲಯದಲ್ಲಿ ಬಾಷ್, ಗೋಯಾ, ಎಲ್ ಗ್ರೆಕೊ ಕಣ್ಣೆದುರೇ ಇದ್ದರು. 1930ರಲ್ಲಿ ಓದು ಮುಗಿಯಿತು, ಅದೇ ವರ್ಷ ಸಹಪಾಠಿ ಹೆರಾರ್ದೊ ಲಿಸಾರಾಗಾನನ್ನು ಮದುವೆಯಾಗಿ ಪ್ಯಾರಿಸ್‌ಗೆ ಹೋದಳು. ತವರುಮನೆಯ ಹೊಸ್ತಿಲು ದಾಟಲು ಆ ಕಾಲದ ಹೆಣ್ಣಿಗೆ ಮದುವೆಯೇ ಬಾಗಿಲು.

ಆಮೇಲೆ ಬಾರ್ಸಿಲೋನಾ. 1936ರಲ್ಲಿ ಅಲ್ಲಿನ ‘ತರ್ಕಭೀತ’ ಕಲಾವಿದರ ಪ್ರದರ್ಶನದಲ್ಲಿ ಅವಳ ಚಿತ್ರಗಳಿದ್ದವು. ಅದೇ ವರ್ಷ ಅಂತರ್ಯುದ್ಧ ಶುರುವಾಯಿತು, ಅದೇ ವರ್ಷ ಫ್ರೆಂಚ್ ಸರ್ರಿಯಲಿಸ್ಟ್ ಕವಿ ಬೆಂಜಮಿನ್ ಪೆರೆ ಸಿಕ್ಕಿದ. 1937ರಲ್ಲಿ ಅವನ ಜೊತೆ ಪ್ಯಾರಿಸ್‌ಗೆ ಹೊರಟಳು. ಒಬ್ಬ ತಮ್ಮ, ಗಣರಾಜ್ಯ ಸರ್ಕಾರದ ವಿರುದ್ಧ ದಂಗೆಯೆದ್ದ ಸೇನಾನಿ ಫ್ರಾಂಕೊನ ಪಡೆಗೆ ಸೇರಿ ಯುದ್ಧಕಾಲದಲ್ಲೇ ತೀರಿಕೊಂಡ. ಫ್ರಾಂಕೊ ಗೆದ್ದ ಮೇಲೆ ಗಣರಾಜ್ಯದ ಕಡೆಯವರ ಒಡನಾಟವಿದ್ದ ಅವಳಿಗೆ ಸ್ಪೇನಿನ ಬಾಗಿಲು ಮುಚ್ಚಿತು. ಮತ್ತೆಂದೂ ಹುಟ್ಟೂರಿಗೆ ಹೋಗಲಿಲ್ಲ.

ಪ್ಯಾರಿಸ್‌ನ ಆ ವರ್ಷಗಳನ್ನು ಸಾಮಾನ್ಯವಾಗಿ ಆಕೆಯ ಬದುಕಿನ ಹೊನ್ನಿನ ಅಧ್ಯಾಯವೆಂಬಂತೆ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಸರ್ರಿಯಲಿಸ್ಟರ ಮುಂದಾಳು, ಕವಿ ಆಂದ್ರೆ ಬ್ರೆತೋನ್ 1924ರ ಪ್ರಣಾಳಿಕೆಯಲ್ಲಿ ಸರ್ರಿಯಲಿಸಂ ಎಂದರೆ ಬುದ್ಧಿಯ ಹಿಡಿತವಿಲ್ಲದೆ ಮನಸ್ಸು ತಾನಾಗಿ ಹರಿಯುವುದು ಎಂದಿದ್ದ. ಕೈಗೆ ಕಡಿವಾಣ ಬೇಡ, ಯೋಜನೆ ಬೇಡ, ತಿದ್ದುವುದು ಬೇಡ. ಆ ಬಳಗಕ್ಕೆ ಹೆಣ್ಣೆಂದರೆ ಕನಸಿನ ದೇವತೆ, ಮಗುವಿನಂಥ ಮುಗ್ಧೆ, ಮಾಟಗಾತಿ, ಚಿತ್ರದೊಳಗೆ ಇರಬೇಕಾದವಳು. ಅಪ್ಪನ ಸ್ಕೇಲಿನಲ್ಲಿ ಪಳಗಿದ ಕೈಗೆ ಅಲ್ಲೇನು ಕೆಲಸ? ಆ ದಿನಗಳ ಬಗ್ಗೆ ಮುಂದೆ ಮಾತು ಬಂದಾಗ, ಬ್ರೆತೋನ್, ಎಲುವಾರ್, ಪೆರೆಯಂಥ ಕವಿಗಳ ನಡುವೆ ತಾನು ಸಂಕೋಚದಿಂದ ಬಾಯಿಬಿಟ್ಟುಕೊಂಡು ಕೇಳುತ್ತಿದ್ದವಳಷ್ಟೇ ಎಂಬರ್ಥದಲ್ಲಿ ಹೇಳಿದ್ದಾಳೆ. ಬರೆದ ಚಿತ್ರಗಳೂ ಕಡಿಮೆ, ಬರೆದವುಗಳಲ್ಲಿ ಸುತ್ತಲಿನ ಗಂಡಸರ ನೆರಳು ಹೆಚ್ಚು. ಅಲ್ಲಿಂದ ಕಲಿತದ್ದು ಇಲ್ಲವೆಂದಲ್ಲ. ಹಸಿ ಬಣ್ಣದ ಮೇಲೆ ಕಾಗದವನ್ನೋ ಗಾಜನ್ನೋ ಒತ್ತಿ ಎತ್ತಿದರೆ ಪಾಚಿ, ಮಂಜು, ಹವಳದಂಥ ಗುರುತುಗಳು ತಾವಾಗಿ ಮೂಡುತ್ತವೆ. ಡೆಕಲ್ಕೊಮೇನಿಯಾ ಎನ್ನುವ ಈ ವಿಧಾನವನ್ನು ಬದುಕಿನುದ್ದಕ್ಕೂ ಬಳಸಿದಳು. ಆದರೆ ಮೂಡಿದ್ದನ್ನು ಹಾಗೇ ಬಿಡಲಿಲ್ಲ. ತಾನಾಗಿ ಬಂದ ಪಾಚಿಯ ನಡುವೆ ಕೂದಲೆಳೆಯ ಕುಂಚ ಹಿಡಿದು ಒಂದು ಮೆಟ್ಟಿಲು, ಒಂದು ಕಿಟಕಿ ಬರೆದಳು.

ಯುದ್ಧ ಪ್ಯಾರಿಸ್‌ಗೂ ಬಂತು. 1940ರಲ್ಲಿ ಪೆರೆಯನ್ನು ರಾಜಕೀಯದ ಕಾರಣಕ್ಕೆ ರೆನ್ ಊರಿನ ಸೆರೆಮನೆಗೆ ಹಾಕಿದರು. ಅವನ ಸಂಗಾತಿ ಎಂಬ ಕಾರಣಕ್ಕೆ ಅವಳನ್ನೂ ಹಿಡಿದರು. ಅಲ್ಲಿ ಏನಾಯಿತೆಂದು ಆಕೆ ಬದುಕಿರುವವರೆಗೂ ಬಾಯಿಬಿಡಲಿಲ್ಲ. ಅದಕ್ಕಿಂತ ಮುಂಚಿನ ಇನ್ನೊಂದು ಘಟನೆಯಿದೆ. ಫ್ರಾನ್ಸಿನಲ್ಲಿ ಸ್ಪೇನಿನ ನಿರಾಶ್ರಿತರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಆ ಶಿಬಿರಗಳ ಬಗೆಗಿನ ಚಿತ್ರವೊಂದನ್ನು ಆಕೆ ನೋಡುತ್ತಿದ್ದಾಗ ಪರದೆಯ ಮೇಲೆ ಲಿಸಾರಾಗಾನ ಮುಖ ಕಂಡಿತು. ಯುದ್ಧದಲ್ಲಿ ಎಲ್ಲಿ ಹೋದನೆಂದೇ ತಿಳಿಯದಿದ್ದ ಗಂಡ. ಓಡಾಡಿ, ಅವರಿವರನ್ನು ಹಿಡಿದು ಅವನನ್ನು ಬಿಡಿಸಿದಳು. ವಾರೋಳ ಚಿತ್ರಗಳಲ್ಲಿ ಗೋಡೆಯಿಂದ ಮುಖಗಳು ಇಣುಕುತ್ತವೆ. ಅದನ್ನೆಲ್ಲ ಕನಸಿನ ಲೆಕ್ಕಕ್ಕೆ ಬರೆಯುವವರು ಈ ಘಟನೆಯನ್ನು ನೆನೆಯಬೇಕು. ಕಳೆದುಹೋದವನ ಮುಖ ಬಿಳಿ ಪರದೆಯ ಮೇಲೆ ಎದ್ದು ಬಂದದ್ದನ್ನು ಕಣ್ಣಾರೆ ಕಂಡವಳು ಅವಳು.

ಜರ್ಮನ್ ಸೇನೆ ಪ್ಯಾರಿಸ್ ಹೊಕ್ಕ ಮೇಲೆ ದಕ್ಷಿಣಕ್ಕೆ ಓಡಿ ಮಾರ್ಸೇ ಸೇರಿದಳು, ಪೆರೆಯೂ ಬಂದು ಕೂಡಿಕೊಂಡ. ಅಮೆರಿಕದ ವೇರಿಯನ್ ಫ್ರೈ ಮತ್ತವನ ಜೊತೆಗಾರರು ಕಲಾವಿದರನ್ನು, ಬರಹಗಾರರನ್ನು ಹಡಗು ಹತ್ತಿಸಲು ಹೆಣಗುತ್ತಿದ್ದ ಊರು ಅದು. ಕೊನೆಗೆ 1941ರ ಅಂತ್ಯದ ಹೊತ್ತಿಗೆ ಕಾಸಾಬ್ಲಾಂಕಾದಿಂದ ‘ಸೆರ್ಪಾ ಪಿಂಟೊ’ ಎಂಬ ಪೋರ್ಚುಗೀಸ್ ಹಡಗು ಹತ್ತಿ ಇಬ್ಬರೂ ಮೆಕ್ಸಿಕೊಗೆ ಹೊರಟರು. ಸ್ಪೇನಿನ ನಿರಾಶ್ರಿತರಿಗೆ ಬಾಗಿಲು ತೆರೆದಿಟ್ಟಿದ್ದ ದೇಶ ಅದು.

ಕಲೆಯ ಇತಿಹಾಸ ಬರೆಯುವವರು ಮುಂದಿನ ಹನ್ನೆರಡು ವರ್ಷಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅವು ಬಹಳ ಮುಖ್ಯ. ಹೊಟ್ಟೆಪಾಡಿಗೆ ಸಿಕ್ಕಿದ್ದೆಲ್ಲ ಮಾಡಿದಳು. ಪೀಠೋಪಕರಣಗಳಿಗೆ ಬಣ್ಣ ಹಚ್ಚಿದಳು, ನಾಟಕಕ್ಕೆ ಉಡುಪು ಹೊಲಿದಳು. ಬೇಯರ್ ಔಷಧ ಕಂಪನಿಗೆ ಜಾಹೀರಾತಿನ ಚಿತ್ರ ಬರೆದಳು. ಕೀಲುನೋವು, ನಿದ್ದೆಗೇಡು ಇವೇ ವಸ್ತು. ಅವಕ್ಕೆ ಸಹಿ ಹಾಕಿದ್ದು ಅಮ್ಮನ ಮನೆತನದ ಹೆಸರಿನಲ್ಲಿ, ‘ಉರಾಂಗಾ’ ಎಂದು. 1947ರ ಕೊನೆಗೆ ವೆನೆಜುವೆಲಾಕ್ಕೆ ಹೋದಳು. ವೈದ್ಯನಾಗಿದ್ದ ಅಣ್ಣ ರೊದ್ರಿಗೊ ಅಲ್ಲಿದ್ದ. ಮಲೇರಿಯಾ ತಡೆಯುವ ಸರ್ಕಾರಿ ಕೆಲಸಕ್ಕಾಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೀಟಗಳನ್ನು ಬರೆದಳು. ಸೊಳ್ಳೆಯ ಕಾಲಿನ ಗೆಣ್ಣು, ರೆಕ್ಕೆಯ ನರ. 1949ರಲ್ಲಿ ಮೆಕ್ಸಿಕೊಗೆ ಮರಳಿದಳು. ಪೆರೆ ಆ ಹೊತ್ತಿಗೆ ಪ್ಯಾರಿಸ್‌ಗೆ ಹಿಂದಿರುಗಿದ್ದ. ಆಕೆ ಅವನ ಹಿಂದೆ ಹೋಗಲಿಲ್ಲ.

ನಕ್ಷೆ ಅಪ್ಪನಿಗಾಗಿ, ಹೊಲಿಗೆ ಸನ್ಯಾಸಿನಿಯರಿಗಾಗಿ, ಕೀಲುನೋವಿನ ಚಿತ್ರ ಕಂಪನಿಗಾಗಿ, ಸೊಳ್ಳೆ ಸರ್ಕಾರಕ್ಕಾಗಿ. ನಲವತ್ತು ದಾಟುವವರೆಗೆ ಆ ಕೈ ಬಹುಪಾಲು ಬೇರೆಯವರಿಗೆ ನೆಟ್ಟಗೆ ಕಾಣುವುದನ್ನೇ ಬರೆಯಿತು. ಈ ಕೆಲಸಗಳೆಲ್ಲ ಅವಳ ಪ್ರತಿಭೆಯನ್ನು ತಿಂದುಹಾಕಿದವು ಎಂದು ಮರುಗುವವರಿದ್ದಾರೆ. ವರ್ಷಗಳನ್ನು ತಿಂದವು, ನಿಜ. ಕೈಯನ್ನು ಮಾತ್ರ ಹರಿತ ಮಾಡಿದವು.

ಆ ಹನ್ನೆರಡು ವರ್ಷಗಳಲ್ಲಿ ಸಿಕ್ಕ ಇನ್ನೊಂದು ಸಂಪತ್ತು ಗೆಳತಿಯರು. ಇಂಗ್ಲೆಂಡಿನಿಂದ ಬಂದ ಚಿತ್ರಕಾರ್ತಿ ಲಿಯನೋರಾ ಕ್ಯಾರಿಂಗ್ಟನ್, ಹಂಗೆರಿಯಿಂದ ಬಂದ ಛಾಯಾಗ್ರಾಹಕಿ ಕಾಟಿ ಹೋರ್ನಾ. ಮೂವರೂ ಯುದ್ಧ ಅಟ್ಟಿಸಿಕೊಂಡು ಬಂದವರೇ. ಲಿಯನೋರಾ ಮತ್ತು ರೆಮೆಡಿಯೋಸ್ ಹೆಚ್ಚುಕಡಿಮೆ ದಿನವೂ ಸೇರುತ್ತಿದ್ದರು. ಅಡುಗೆಮನೆಯಲ್ಲಿ ಕೂತು ಮಾಟ, ರಸವಿದ್ಯೆ, ಕನಸು ಎಲ್ಲವನ್ನೂ ಮಾತಾಡಿದರು. ಕನಸು ಬರಿಸುವ ಅಡುಗೆಗಳನ್ನು ಬರೆದರು, ನಾಟಕ ಬರೆದರು. ಪ್ಯಾರಿಸ್‌ನ ಕಾಫಿ ಅಂಗಡಿಯಲ್ಲಿ ಬಾಯಿ ತೆರೆಯದವಳು ಈ ಅಡುಗೆಮನೆಯಲ್ಲಿ ಮಾತಾಡಿದಳು. ನನ್ನ ಮಟ್ಟಿಗೆ ಅವಳ ನಿಜವಾದ ಸರ್ರಿಯಲಿಸ್ಟ್ ಬಳಗ ಇದೇ.

ವಾಲ್ಟರ್ ಗ್ರೂಯೆನ್ ಎಂಬಾತ ಆಸ್ಟ್ರಿಯಾದಿಂದ ಬಂದ ನಿರಾಶ್ರಿತ, ನಾಜಿಗಳ ಶಿಬಿರ ಕಂಡವನು. ಮೆಕ್ಸಿಕೊ ನಗರದಲ್ಲಿ ಗ್ರಾಮೊಫೋನ್ ರೆಕಾರ್ಡ್‌ಗಳ ಅಂಗಡಿ ನಡೆಸುತ್ತಿದ್ದ. 1950ರ ದಶಕದ ಆರಂಭದಲ್ಲಿ ಇಬ್ಬರೂ ಒಟ್ಟಿಗೆ ಬದುಕತೊಡಗಿದರು. ಜಾಹೀರಾತು ಬಿಡು, ನಿನ್ನ ಚಿತ್ರ ಬರಿ ಎಂದು ಬೆನ್ನಿಗೆ ನಿಂತವನು ಅವನು. ಅಲ್ಲಿಂದ ಸುಮಾರು ಹತ್ತು ವರ್ಷ ಅವಳಿಗೆ ಸಿಕ್ಕಿತು. ನಾವು ಇಂದು ವಾರೋ ಎಂದು ಗುರುತಿಸುವುದೆಲ್ಲ ಹೆಚ್ಚುಕಡಿಮೆ ಆ ಹತ್ತು ವರ್ಷದ್ದು. ಹಾರ್ಡ್‌ಬೋರ್ಡಿಗೆ ಬಿಳಿ ಲೇಪ ಕೊಟ್ಟು, ಪಾರದರ್ಶಕ ಕಾಗದದ ಮೇಲೆ ಪೂರ್ತಿ ಚಿತ್ರವನ್ನು ಮೊದಲೇ ಬರೆದು, ಅದನ್ನು ಹಲಗೆಗೆ ಇಳಿಸಿ, ತೆಳುವಾಗಿ ಪದರ ಪದರವಾಗಿ ಬಣ್ಣ ಹಚ್ಚಿ, ಮೊನಚು ಮೊನೆಯಿಂದ ಕೆರೆದು ಒಳಗಿನ ಬಿಳುಪನ್ನು ಗೆರೆಯಾಗಿ ಎಬ್ಬಿಸುತ್ತಿದ್ದಳು. ಬ್ರೆತೋನ್ ಹೇಳಿದ ‘ತಾನಾಗಿ ಹರಿಯುವುದು’ ಇಲ್ಲಿಲ್ಲ. ಎಂಜಿನಿಯರ್ ಅಪ್ಪನ ಶಿಸ್ತು, ಕಾನ್ವೆಂಟಿನ ಸೂಜಿಯ ತಾಳ್ಮೆ, ಸೊಳ್ಳೆಯ ರೆಕ್ಕೆ ಬರೆದ ಕಣ್ಣು, ಇವೇ ಇಲ್ಲಿ ದುಡಿಯುತ್ತಿರುವುದು. ದಾರ ಅದೇ, ಬಟ್ಟೆಯನ್ನು ಮಾತ್ರ ತನ್ನ ಕಡೆ ತಿರುಗಿಸಿಕೊಂಡಿದ್ದಳು. 1956ರಲ್ಲಿ ಡಯಾನಾ ಗ್ಯಾಲರಿಯಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನವಾಯಿತು. ಆಮೇಲೆ ಆಕೆಯ ಚಿತ್ರಕ್ಕಾಗಿ ಜನ ಹೆಸರು ಬರೆಸಿ ಕಾಯುವಂತಾಯಿತು. ರಿವೇರಾ, ಸಿಕೇರೊಸ್‌ರಂಥವರ ಭಿತ್ತಿಚಿತ್ರಗಳು ಆಳುತ್ತಿದ್ದ ದೇಶದಲ್ಲಿ, ಮಡಿಲಿನ ಮೇಲೆ ಹಿಡಿಸಬಹುದಾದ ಚಿತ್ರಗಳಿಂದ ಈ ಹೆಸರು ಬಂತು.

1957ರ ‘ಹಕ್ಕಿಗಳ ಸೃಷ್ಟಿ’ಯನ್ನು ತ್ರಿವಳಿಯ ಪಕ್ಕದಲ್ಲಿಟ್ಟು ನೋಡಬೇಕು. ಗೂಬೆಮುಖದ ಹೆಣ್ಣೊಬ್ಬಳು ಮೇಜಿನ ಮುಂದೆ ಕೂತಿದ್ದಾಳೆ. ಕೊರಳಲ್ಲಿ ಪಿಟೀಲು, ಅದರ ತಂತಿಯೇ ಮುಂದುವರಿದು ಕುಂಚವಾಗಿದೆ. ಇನ್ನೊಂದು ಕೈಯಲ್ಲಿ ತ್ರಿಕೋನದ ಭೂತಗನ್ನಡಿ, ಅದರಲ್ಲಿ ಹಾದುಬಂದ ದೂರದ ನಕ್ಷತ್ರದ ಬೆಳಕು ಕಾಗದದ ಮೇಲಿನ ಹಕ್ಕಿಗೆ ಬೀಳುತ್ತಿದೆ. ಹಕ್ಕಿ ಎದ್ದು ಕಿಟಕಿಯತ್ತ ಹಾರುತ್ತಿದೆ. ಬಣ್ಣ ಬರುವುದು ಮೊಟ್ಟೆಯಾಕಾರದ ಪಾತ್ರೆಗಳಿಂದ; ಗುರುವಿನ ಪಾತ್ರೆಯ ಹತ್ತಿರದ ಬಂಧುಗಳು ಅವು. ಇಲ್ಲಿ ಪಾತ್ರೆ ಹೆಣ್ಣಿನದು, ಕೋಣೆ ಅವಳದು, ಅಪ್ಪಣೆ ಕೊಡುವವರು ಯಾರೂ ಇಲ್ಲ. ಮೊದಲು ಈ ಸ್ವತಂತ್ರ ಕೋಣೆಯನ್ನು ಬರೆದು, ಮೂರು ನಾಲ್ಕು ವರ್ಷಗಳ ನಂತರ ಆಕೆ ಗೋಪುರವನ್ನು ಬರೆದಳು. ಸೆರೆಯಿಂದ ಬಿಡುಗಡೆಗೆ ಎಂಬ ನೇರ ದಾರಿಯಲ್ಲಿ ಆಕೆಯ ಚಿತ್ರಗಳು ಸಾಗುವುದಿಲ್ಲ. ಸ್ವಂತ ಮೇಜು ಸಿಕ್ಕ ಮೇಲೆಯೇ ಸೆರೆಮನೆಯ ನಕ್ಷೆಯನ್ನು ಸ್ಪಷ್ಟವಾಗಿ ಬರೆಯಲು ಅವಳಿಗೆ ಸಾಧ್ಯವಾಯಿತು ಎಂದು ನಾನು ತಿಳಿದಿದ್ದೇನೆ.

ಗುರ್ಜಿಯೆಫ್ ಎಂಬ ಆಧ್ಯಾತ್ಮಿಕ ಗುರುವಿನ ವಿಚಾರಗಳ ಬಗ್ಗೆ ಆಕೆಗೆ ಆಸಕ್ತಿಯಿತ್ತು. ಮನುಷ್ಯರು ನಿದ್ದೆಗಣ್ಣಿನಲ್ಲೇ ಬದುಕುತ್ತಾರೆ, ಎಚ್ಚರಗೊಳ್ಳಲು ದುಡಿಯಬೇಕು ಎನ್ನುವವನು ಅವನು. ಮಾಯೆಗೊಳಗಾದ ಹುಡುಗಿಯರಲ್ಲಿ ಅದರ ಛಾಯೆ ಇದೆ ಎಂದು ವಿಮರ್ಶಕರು ಹೇಳುವುದು ಸರಿಯೇ. ಹಾಗೆಂದು ಪೂರ್ತಿ ಚಿತ್ರವನ್ನು ಆ ಕೀಲಿಯಿಂದಲೇ ತೆರೆದರೆ ಸೂಜಿ ಕೈಬಿಟ್ಟುಹೋಗುತ್ತದೆ. ಎಚ್ಚರಗೊಂಡವಳು ಕೆಲಸ ನಿಲ್ಲಿಸಲಿಲ್ಲ. ಎದ್ದು ಕೂಗಲಿಲ್ಲ, ಪಾತ್ರೆ ಒದೆಯಲಿಲ್ಲ. ಎಲ್ಲರಿಗಿಂತ ಚೆನ್ನಾಗಿ ಹೊಲಿಯುವುದು ಅವಳಿಗೆ ಬರುತ್ತಿತ್ತು, ಬರದಿದ್ದರೆ ಅಷ್ಟು ಸಣ್ಣ ಮಡಿಕೆಯಲ್ಲಿ ಇಬ್ಬರು ಮನುಷ್ಯರನ್ನು ತೆಗೆಯಲಾಗುತ್ತಿರಲಿಲ್ಲ.

ಮೂರನೆಯ ಚಿತ್ರ ‘ಪಲಾಯನ’ ಮೆಕ್ಸಿಕೊ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಹೊಂಬಣ್ಣದ ಮಂಜು, ಕಡಿದಾದ ಬಂಡೆಗಳು, ಕತ್ತಲ ಬಿರುಕಿನಂಥ ಗುಹೆ. ತಲೆಕೆಳಗಾದ ಕೊಡೆಯಂಥ ವಾಹನದಲ್ಲಿ ಇಬ್ಬರೂ ನಿಂತಿದ್ದಾರೆ, ಬಟ್ಟೆಗೆ ಗಾಳಿ ತುಂಬಿದೆ. ತಲೆಕೆಳಗಾಗಿ ಹೊಲಿದವಳಿಗೆ ತಲೆಕೆಳಗಾದ ವಾಹನವೇ ಸಿಕ್ಕಿತು. ಚೆಲುವಾದ ಚಿತ್ರ. ಆದರೆ ನನಗೆ ಇದರ ಮುಂದೆ ಒಂದು ಅಳುಕು. ಗೋಪುರದ ಕಿಂಡಿಗಳಿಂದ ಇಳಿದ ಬಟ್ಟೆಯೇ ಭೂಮಿಯಾಗಿದ್ದರೆ, ಇವರು ಓಡುತ್ತಿರುವ ಈ ಮರಳುಗಾಡು ಯಾರ ಹೊಲಿಗೆ? ಈ ಬಂಡೆಗಳನ್ನು ಇವಳ ಪಕ್ಕದಲ್ಲಿ ಕೂತಿದ್ದ ಹುಡುಗಿ ನಿನ್ನೆಯಷ್ಟೇ ಹೊಲಿದಿರಬಹುದು. ಅವಳು ಇನ್ನೂ ಗೋಪುರದಲ್ಲೇ ಇದ್ದಾಳೆ. ಓಡಿಹೋದವಳ ಮೇಜು ಈಗ ಖಾಲಿ, ಅವಳ ಪಾಲಿನ ಹೊಲಿಗೆ ಮಿಕ್ಕವರ ಮೇಲೆ ಬಿದ್ದಿರುತ್ತದೆ. ವಾರೋ ಆ ಹುಡುಗಿಯರ ಕಡೆ ಮತ್ತೆ ಕುಂಚ ತಿರುಗಿಸಲಿಲ್ಲ. ಯುರೋಪಿನಿಂದ ಹಡಗು ಹತ್ತಿದವರಿಗೆ ಹಿಂದೆ ಉಳಿದವರ ನೆನಪು ಕಾಡದೇ ಇರುತ್ತದೆಯೇ? ಆ ಗುಹೆ ಅಷ್ಟು ಕಪ್ಪಾಗಿರುವುದಕ್ಕೆ ಕಾರಣ ಇದೇ ಇರಬಹುದು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪ್ರಿಯಕರನ ಬಗ್ಗೆಯೂ ಒಂದು ಮಾತು. ತವರಿನಿಂದ ಲಿಸಾರಾಗಾ, ಸ್ಪೇನಿನಿಂದಲೂ ಯುರೋಪಿನಿಂದಲೂ ಪೆರೆ, ಹೀಗೆ ಗಡಿ ದಾಟುವಾಗಲೆಲ್ಲ ಅವಳ ಪಕ್ಕದಲ್ಲಿ ಒಬ್ಬ ಗಂಡಸಿದ್ದ. ‘ಪಲಾಯನ’ವನ್ನು ಆ ಬದುಕಿನ ನೇರ ಚಿತ್ರ ಎಂದು ಓದುವುದು ಇದರಿಂದಲೇ. ಆದರೆ ಓಡುತ್ತಿದ್ದ ವರ್ಷಗಳಲ್ಲಿ ಆಕೆ ದೊಡ್ಡ ಚಿತ್ರ ಯಾವುದನ್ನೂ ಬರೆಯಲಿಲ್ಲ. ಬರೆದದ್ದು ಓಟ ನಿಂತ ಮೇಲೆ, ಒಂದೇ ಊರಿನಲ್ಲಿ, ಒಂದೇ ಮೇಜಿನ ಮುಂದೆ ತಲೆತಗ್ಗಿಸಿ ಕೂತಾಗ. ಕೂತ ಭಂಗಿ ನೋಡಿದರೆ ಗೋಪುರದ ಹುಡುಗಿಗೂ ಅವಳಿಗೂ ವ್ಯತ್ಯಾಸವಿಲ್ಲ. ಹಾಗಾಗಿ ಆತ್ಮಕಥೆ ಬೇಕೆಂದರೆ ನಾನು ನಡುವಿನ ಚಿತ್ರವನ್ನೇ ಆರಿಸುತ್ತೇನೆ.

1963ರಲ್ಲಿ ಕೊನೆಯ ಚಿತ್ರ ಮುಗಿಸಿದಳು, ‘ಮರುಜೀವ ಪಡೆದ ನಿಶ್ಚಲ ವಸ್ತುಗಳು’. ದುಂಡು ಮೇಜಿನ ಮೇಲೆ ಉರಿಯುವ ಮೇಣದಬತ್ತಿ, ಅದರ ಸುತ್ತ ತಟ್ಟೆಗಳು, ಹಣ್ಣುಗಳು ಗ್ರಹಗಳಂತೆ ಸುತ್ತುತ್ತಿವೆ. ಡಿಕ್ಕಿ ಹೊಡೆದ ಹಣ್ಣುಗಳು ಒಡೆದು ಬೀಜ ಕೆಳಗೆ ಬಿದ್ದು ಮೊಳಕೆಯೊಡೆದಿದೆ. ಆಕೆಯ ಚಿತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಆ ಉದ್ದಮುಖದ, ದೊಡ್ಡ ಕಣ್ಣಿನ ಹೆಣ್ಣು ಇಲ್ಲಿಲ್ಲ; ಮನುಷ್ಯರೇ ಇಲ್ಲ. ಅಕ್ಟೋಬರ್ 8ರಂದು ಹೃದಯಾಘಾತವಾಗಿ ತೀರಿಕೊಂಡಾಗ ಆಕೆಗೆ 54 ವರ್ಷ. ಮರುವರ್ಷ ಮೆಕ್ಸಿಕೊದ ಪಲಾಸಿಯೊ ದೆ ಬೆಯಾಸ್ ಆರ್ತೆಸ್ ಎಂಬ ಲಲಿತಕಲಾ ಭವನದಲ್ಲಿ ಆಕೆಯ ಒಟ್ಟು ಚಿತ್ರಗಳ ಪ್ರದರ್ಶನ ನಡೆಯಿತು. 1971ರಲ್ಲಿ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಮತ್ತೊಂದು ಪ್ರದರ್ಶನವಾದಾಗ ಜನ ಕಿಕ್ಕಿರಿದು ಬಂದರು. ಆ ಹೊತ್ತಿಗೂ ಯುರೋಪಿನ ಸರ್ರಿಯಲಿಸಂ ಪುಸ್ತಕಗಳಲ್ಲಿ ಆಕೆಗೆ ಸಿಗುತ್ತಿದ್ದ ಜಾಗ ತೀರಾ ಚಿಕ್ಕದು. ಪೆರೆಯ ಹೆಸರಿನ ಜೊತೆ ಬಂದು ಹೋಗುವಷ್ಟು.